ಮೈನಸ್ ಹದಿನೆಂಟರ ಕೋಟು

ಮಾವನ ಕೋಟು ಬೀದಿಯ ತಿರುವಿನಲ್ಲಿ ಕಾಣಿಸಿದರೆ ಸಾಕು, ಗೋಡೆಯ ಮೇಲೆ ಮಲಗಿದ್ದ ಬೆಕ್ಕುಗಳೆಲ್ಲ ಎದ್ದು ನಿಲ್ಲುತ್ತಿದ್ದವು. ಗೌರವಕ್ಕಲ್ಲ. ಮಾವ ಇಪ್ಪತ್ತಾರು ವರ್ಷ ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಮೇಸ್ತ್ರಿಯಾಗಿದ್ದರು. ಅಷ್ಟೂ ವರ್ಷ ಅವರ ಮೈಮೇಲಿದ್ದದ್ದು ಅದೇ ಕೋಟು. ಮಾವ ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ಕೋಟಿನೊಳಗಿನ ಮೀನು ಇನ್ನೂ ನಿವೃತ್ತವಾಗಿರಲಿಲ್ಲ.

ಮೊಣಕಾಲಿನವರೆಗೆ ಇಳಿಯುವ, ಕಂಬಳಿಯಷ್ಟು ದಪ್ಪದ ಕಪ್ಪು ಕೋಟು. ಕ್ಷೌರದಂಗಡಿಗೂ ಅದೇ, ಬ್ಯಾಂಕಿಗೂ ಅದೇ, ನೆತ್ತಿ ಸುಡುವ ಬೇಸಿಗೆಯಲ್ಲೂ ಅದೇ. ಪ್ರತಿ ಭಾನುವಾರ ಮಧ್ಯಾಹ್ನ ಅದನ್ನು ಹೊತ್ತುಕೊಂಡು, ಹಿಂದೆ ಮೂರು ಬೆಕ್ಕುಗಳ ಪರಿವಾರದೊಂದಿಗೆ ಮಗಳ ಮನೆಗೆ ಊಟಕ್ಕೆ ಬರುವರು. ಆ ಮನೆಯಲ್ಲಿ ಇದ್ದದ್ದು ಒಂದೇ ಫ್ಯಾನು. ಫ್ಯಾನಿನ ನೇರ ಕೆಳಗೆ ಇದ್ದದ್ದು ಒಂದೇ ಕುರ್ಚಿ. ಕೋಟು ಹಾಕಿಕೊಂಡವರಿಗೆ ಸೆಕೆ ಜಾಸ್ತಿ, ಆದ್ದರಿಂದ ಆ ಕುರ್ಚಿ ಮಾವನದು; ಅವರಿಲ್ಲದ ದಿನಗಳಲ್ಲೂ ಬೇರೆ ಯಾರೂ ಅದರಲ್ಲಿ ಕೂರುವಂತಿರಲಿಲ್ಲ. ಕೋಟು ತೆಗೆದರೆ ಸೆಕೆ ಹೋಗುತ್ತದಲ್ಲ ಎಂದು ಆ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಿದ್ದಿಲ್ಲ. ರಾಜನಿಗೆ ಕಿರೀಟ ಭಾರವಲ್ಲವೇ ಎಂದು ಯಾರಾದರೂ ಕೇಳುತ್ತಾರೆಯೇ?

ಮನೆಯ ಯಜಮಾನ ಎಂದು ಪಡಿತರ ಚೀಟಿಯಲ್ಲಿ ಮಾತ್ರ ಬರೆಸಿಕೊಂಡಿದ್ದ ಅಳಿಯ, ಅಡುಗೆಮನೆಯ ಬಾಗಿಲ ಪಕ್ಕದ ಮೂಲೆಯಲ್ಲಿ ಒಲೆಯ ಝಳಕ್ಕೆ ಬೆನ್ನು ಕೊಟ್ಟು ಉಣ್ಣುತ್ತಿದ್ದ. ಮದುವೆಯಾದಂದಿನಿಂದ, ಅಂದರೆ ಹನ್ನೊಂದು ವರ್ಷದಿಂದ.

"ಮೈನಸ್ ಹದಿನೆಂಟು!" ಮಾವ ಮೊದಲ ತುತ್ತಿಗೇ ಶುರು ಮಾಡುವರು. "ಮೂಗಿನಿಂದ ಹೊರಟ ನೀರು ಮೀಸೆ ತಲುಪೋ ಹೊತ್ತಿಗೆ ಮೊಳೆ ಆಗಿರ್ತಿತ್ತು. ಸೀನಿದ್ರೆ ನೆಲಕ್ಕೆ ಬಿದ್ದು ಟಣ್ ಅನ್ನೋದು. ನೀವೇನು ಮಾಡ್ತೀರಿ ಅಳಿಯಂದಿರೇ?"

ಎಲ್ಲರಿಗೂ ಗೊತ್ತಿದ್ದ ಉತ್ತರವನ್ನು ಅವರೇ ಹೇಳುವರು. "ಒರೆಸ್ತೀರಿ."

ಅದು ಸುಳ್ಳೂ ಅಲ್ಲ. ಅಳಿಯ ಒಂದು ಸಂಶೋಧನಾ ಸಂಸ್ಥೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಅಟೆಂಡರ್. ಆ ಲ್ಯಾಬಿನ ನಡುವೆ ಮಂಚದಷ್ಟು ಅಗಲದ ಉಕ್ಕಿನ ಮೇಜು, ಅದರ ಮೇಲೆ ನಾಲ್ಕುನೂರು ಪುಟ್ಟ ಕನ್ನಡಿಗಳು, ಅವುಗಳ ನಡುವೆ ಹರಿದಾಡುವ ಲೇಸರ್ ಬೆಳಕು. ಅಳಿಯನ ಕೆಲಸ ಆ ಮೇಜನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಒರೆಸುವುದು. ಹೋದ ವರ್ಷ ಅವನ ಮೊಣಕೈ ಒಂದು ಕನ್ನಡಿಗೆ ತಾಗಿ, ಲ್ಯಾಬಿನ ವಿಜ್ಞಾನಿ ಮೇಡಂಗೆ ಅದನ್ನು ಸರಿಮಾಡಲು ಹದಿನೈದು ದಿನ ಹಿಡಿದಿತ್ತು. ಅಂದಿನಿಂದ ಅವನು ಲ್ಯಾಬಿನೊಳಗೆ ಎರಡೂ ಮೊಣಕೈ ಹೊಟ್ಟೆಗೆ ಅಂಟಿಸಿಕೊಂಡು, ಹೊಟ್ಟೆನೋವು ಬಂದವನಂತೆ ಓಡಾಡುತ್ತಿದ್ದ.

ಹೀಗೆ ಓಡಾಡುತ್ತಿದ್ದಾಗಲೇ ಒಂದು ದಿನ, ನೋಡಲು ಬಂದಿದ್ದ ಅತಿಥಿಗಳಿಗೆ ಮೇಡಂ ಹೇಳಿದ್ದು ಅವನ ಕಿವಿಗೆ ಬಿತ್ತು. "ಆಕಾಶದಾಚೆಯ ಕತ್ತಲಿಗಿಂತಲೂ ತಣ್ಣಗಿರೋ ಜಾಗ ಈ ಕೋಣೆಯಲ್ಲಿದೆ. ಹತ್ತಿರ ಹತ್ತಿರ ಮೈನಸ್ ಇನ್ನೂರ ಎಪ್ಪತ್ಮೂರು ಡಿಗ್ರಿ. ಅದಕ್ಕಿಂತ ಕೆಳಗೆ ಚಳಿಯೇ ಇಲ್ಲ."

ಅಳಿಯನ ಕೈಯಲ್ಲಿದ್ದ ಒರೆಸುವ ಕೋಲು ನಿಂತುಹೋಯಿತು. ಮುಂದೆ ಮೇಡಂ ಹೇಳಿದ್ದು ಅವನಿಗೆ ಕೇಳಿಸಲಿಲ್ಲ. ಕೇಳಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವನ ತಲೆಯಲ್ಲಿ ಆಗಲೇ ಭಾನುವಾರ ಬಂದಾಗಿತ್ತು.

ಭಾನುವಾರವೂ ಬಂತು, ಮಾವನೂ ಬಂದರು, ಮೂಗಿನ ಮೊಳೆಯೂ ಬಂತು.

"ಮಾವ," ಎಂದ ಅಳಿಯ, ಮೂಲೆಯಿಂದ. "ನಮ್ಮಲ್ಲಿ ಎಷ್ಟು ಗೊತ್ತಾ?"

"ಏನೆಷ್ಟು?"

"ಮೈನಸ್ಸು."

ಮಾವನ ಕೈ ತಟ್ಟೆಯಲ್ಲೇ ನಿಂತಿತು.

"ಇನ್ನೂರ ಎಪ್ಪತ್ಮೂರು."

ಮಾವ ನಿಧಾನವಾಗಿ ತುತ್ತು ನುಂಗಿದರು. "ಎಷ್ಟು ಟನ್ ಹಿಡಿಯುತ್ತೆ?"

"ಟನ್ನೆಲ್ಲ ಇಲ್ಲ ಮಾವ. ಅಲ್ಲಿ ಬೆಳಕು ಬಿಡ್ತೀವಿ."

"ಏನ್ ಬಿಡ್ತೀರಿ?"

"ಬೆಳಕು. ಲೇಸರ್ ಬೆಳಕು ಬಿಟ್ಟು ತಣ್ಣಗೆ ಮಾಡೋದು."

ಮಾವ ಮಗಳ ಕಡೆ ತಿರುಗಿದರು. "ಮೀನನ್ನ ಬಿಸಿಲಿಗೆ ಹಾಕಿ ತಣ್ಣಗೆ ಮಾಡ್ತಾರಂತೆ ನಿನ್ನ ಗಂಡ. ಜ್ವರ ಗಿರ ಇದೆಯೇನಮ್ಮ ಇವ್ರಿಗೆ?" ಮತ್ತೆ ಅಳಿಯನ ಕಡೆ ತಿರುಗಿ, ಕೋಟಿನ ಎದೆಯನ್ನು ಪಟಪಟ ಬಡಿದರು. "ಮೈನಸ್ ಹದಿನೆಂಟಕ್ಕೇ ನನಗೆ ಇಷ್ಟುದ್ದದ ಕೋಟು ಕೊಟ್ರು. ನಿಮ್ಮ ಲೆಕ್ಕಕ್ಕೆ ಹದಿನೈದು ಕೋಟು ಕೊಡಬೇಕಾಗಿತ್ತು. ಹದಿನೈದು ಬೇಡ, ಒಂದು ತೋರಿಸಿ ಸಾಕು. ತೋರಿಸಿದ ದಿನ ಈ ಕುರ್ಚಿ ನಿಮ್ಮದು. ಆ ಮೂಲೆ ನನ್ನದು."

ಅಳಿಯ ಮೇಲೆ ನೋಡಿದ. ಫ್ಯಾನು ತಿರುಗುತ್ತಿತ್ತು. ಹನ್ನೊಂದು ವರ್ಷದಲ್ಲಿ ಅದು ಅವನಿಗೆ ಇಷ್ಟು ಹತ್ತಿರ ಬಂದಿರಲಿಲ್ಲ.

"ಆಯ್ತು ಮಾವ," ಎಂದುಬಿಟ್ಟ.

ಮಾವ ಹೋದ ಮೇಲೆ ಹೆಂಡತಿ ಪಾತ್ರೆ ಬಿಟ್ಟು ಓಡಿಬಂದಳು. "ರೀ, ನಿಜಾನಾ? ಇನ್ನೂರ ಎಪ್ಪತ್ಮೂರರಲ್ಲಿ ಇದ್ಕೊಂಡು ದಿನಾ ಸಂಜೆ ಏನೂ ಆಗದವರ ಹಾಗೆ ಮನೆಗೆ ಬರ್ತಿದ್ರಾ?"

"ಬರ್ದೆ ಇನ್ನೆಲ್ಲಿಗೆ ಹೋಗ್ಲಿ?"

ಗೋಡೆ ಹಂಚಿಕೊಂಡ ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ನರ್ಸಮ್ಮ ಇದ್ದರು. ಗೋಡೆ ತೆಳು, ನರ್ಸಮ್ಮನ ಕಿವಿ ಇನ್ನೂ ತೆಳು. ಐದು ನಿಮಿಷದಲ್ಲಿ ಥರ್ಮಾಮೀಟರು, ಟಾರ್ಚು ಮತ್ತು ಒಂದು ಗುಂಡುಪಿನ್ನಿನೊಂದಿಗೆ ಹಾಜರಾದರು.

"ಕಾಲ್ಬೆರಳು ಯಾವಾಗ ಎಣಿಸಿಕೊಂಡ್ರಿ ಕೊನೇ ಸಲ?"

"ಎಣಿಸಿಲ್ಲ ನರ್ಸಮ್ಮ."

"ಎಣಿಸಬೇಕು! ಚಳಿಗೆ ಮೊದಲು ಹೋಗೋದೇ ಬೆರಳು. ಹೋಗಿದ್ದು ಗೊತ್ತೂ ಆಗಲ್ಲ. ಚಪ್ಪಲಿ ಸಡಿಲ ಆದಾಗಲೇ ಗೊತ್ತಾಗೋದು." ಅವನನ್ನು ಮಂಚದ ಮೇಲೆ ಕೆಡವಿ ಒಂದೊಂದು ಬೆರಳಿಗೂ ಪಿನ್ನು ಚುಚ್ಚಿದರು. ಹತ್ತು ಸಲ ಅಳಿಯ ಕೂಗಿದ. "ಹತ್ತೂ ಇವೆ," ಎಂದು ನರ್ಸಮ್ಮ ಗಂಭೀರವಾಗಿ ಘೋಷಿಸಿದರು. "ಸದ್ಯಕ್ಕೆ."

ಮರುದಿನದಿಂದ ಹೆಂಡತಿ ಅವನನ್ನು ಎರಡು ಬನಿಯನ್ನು, ಮೂರು ಶರ್ಟು, ಕಿವಿ ಮುಚ್ಚುವ ಟೋಪಿ ಮತ್ತು ಹೊಟ್ಟೆಗೆ ಕಟ್ಟಿದ ಬಿಸಿನೀರಿನ ರಬ್ಬರ್ ಚೀಲದೊಂದಿಗೆ ಕೆಲಸಕ್ಕೆ ಕಳಿಸತೊಡಗಿದಳು. ಲ್ಯಾಬಿನಲ್ಲಿ ಸಾಲಾಗಿ ಜೋಡಿಸಿದ್ದ ವಿದ್ಯುತ್ ಪೆಟ್ಟಿಗೆಗಳು ಹಗಲೆಲ್ಲ ಬಿಸಿಯುಗುಳುತ್ತಿದ್ದವು. ಅಲ್ಲಿ ಫ್ಯಾನೂ ಇರಲಿಲ್ಲ. ಗಾಳಿಗೆ ಬೆಳಕಿನ ಎಳೆ ಅಲ್ಲಾಡುತ್ತದೆಂದು ಮೇಡಂ ತೆಗೆಸಿದ್ದರು. ಜಗತ್ತಿನ ಅತ್ಯಂತ ತಣ್ಣನೆಯ ಜಾಗದಲ್ಲಿ ಅಳಿಯ ಹಿಂಡಿದರೆ ಬಕೆಟ್ ತುಂಬುವಷ್ಟು ಬೆವರುತ್ತಿದ್ದ.

ಆದರೆ ಕೋಟು ಬೇಕಿತ್ತು. ನೌಕರರ ನಿಯಮ ಪುಸ್ತಕವನ್ನು ತಿರುವಿ ಹಾಕಿದ. ನಿಯಮ ನಲವತ್ತೊಂದು: "ಹತ್ತು ಡಿಗ್ರಿಗಿಂತ ಕಡಿಮೆ ಉಷ್ಣತೆಯುಳ್ಳ ಸ್ಥಳದಲ್ಲಿ ಕರ್ತವ್ಯ ನಿರ್ವಹಿಸುವ ನೌಕರನಿಗೆ ಉಣ್ಣೆಯ ಕೋಟು ಒಂದನ್ನು ಒದಗಿಸತಕ್ಕದ್ದು." ಅಳಿಯ ಅದನ್ನು ಪ್ರೇಮಪತ್ರದ ಹಾಗೆ ನಾಲ್ಕು ಸಲ ಓದಿಕೊಂಡ.

ಅರ್ಜಿಗೆ ಮೇಡಂ ಸಹಿ ಬೇಕಿತ್ತು. ಮೇಡಂ ಪರದೆಯಿಲ್ಲದ ಕಬ್ಬಿಣದ ಸರಳಿನ ಮುಂದೆ ತಲೆ ಹಿಡಿದುಕೊಂಡು ನಿಂತಿದ್ದರು. ಮೇಜಿನ ನಡುವೆ ಗಾಜಿನ ಗೂಡೊಂದಿತ್ತು. ಅದರೊಳಗಿನದ್ದನ್ನು ನೋಡಲು ಒಂದು ಕ್ಯಾಮೆರಾ. ಕೋಣೆಯ ಪೆಟ್ಟಿಗೆಗಳ ದೀಪಗಳ ಬೆಳಕು ಕ್ಯಾಮೆರಾಕ್ಕೆ ನುಗ್ಗದಂತೆ ಆ ಸರಳಿಗೆ ಮೊದಲು ಒಂದು ಕಪ್ಪು ಪರದೆ ತೂಗುಹಾಕಿದ್ದರು. ಅದು ಹರಿದುಹೋಗಿ ಏಳು ತಿಂಗಳಾಗಿತ್ತು.

"ಕ್ಯಾಮೆರಾದಲ್ಲಿ ಬರೀ ಮಂಜು. ಏನೂ ಕಾಣ್ತಿಲ್ಲ," ಎಂದು ಮೇಡಂ ಗೊಣಗಿದರು. "ಏನಿದು ಅರ್ಜಿ?"

"ತಣ್ಣನೆ ಜಾಗದಲ್ಲಿ ಕೆಲಸ ಮಾಡ್ತೀನಿ ಅಂತ ಮೇಡಂ. ಜಾಗ ತಣ್ಣಗಿದೆ ತಾನೆ?"

"ಜಗತ್ತಿನಲ್ಲೇ," ಎಂದು ಮೇಡಂ ಓದದೆ ಸಹಿ ಹಾಕಿದರು. "ಹಾಗೇ ನನ್ನ ಪರದೆ ಏನಾಯ್ತು ಕೇಳ್ಕೊಂಡು ಬನ್ನಿ."

ಸ್ಟೋರ್ ಸಾಹೇಬರು ಆ ಸಂಸ್ಥೆಯ ಉಗ್ರಾಣದ ಅಧಿಕಾರಿ. ಕೊಡುವುದು ಅವರ ಕೆಲಸ, ಕೊಡದಿರುವುದು ಅವರ ಸ್ವಭಾವ. ಪೊರಕೆ ಕೇಳಿದವರಿಗೆ ಕಸದ ಮಾದರಿ ತರಲು ಹೇಳಿದ ಮನುಷ್ಯ.

"ಪರದೆಯಾ? ಪರದೆ ಇರೋದು ಕಿಟಕಿಗೆ. ನಿಮ್ಮ ಕೋಣೆಗೆ ಕಿಟಕಿ ಇಲ್ಲ. ಮೊದಲು ಕಿಟಕಿಗೆ ಅರ್ಜಿ ಹಾಕ್ಲಿ ಅಂತ ಏಳು ತಿಂಗಳಿಂದ ಹೇಳ್ತಿದೀನಿ ನಿಮ್ಮ ಮೇಡಂಗೆ." ಎರಡನೆಯ ಅರ್ಜಿಯನ್ನು ಮೂಗಿನ ಹತ್ತಿರ ಹಿಡಿದರು. "ಕೋಟು! ಮೈನಸ್ ಇನ್ನೂರ... ಏನಯ್ಯಾ ಇದು, ಡಿಗ್ರಿನೋ, ಮನೆ ನಂಬರೋ?"

"ಡಿಗ್ರಿ ಸಾರ್. ಮೇಡಂ ಸಹಿ ಇದೆ."

ಸಹಿ ಇತ್ತು. ನಿಯಮವೂ ಇತ್ತು. ಸಾಹೇಬರು ಹಲ್ಲು ಕಚ್ಚಿ ಕೊನೆಯ ಅಸ್ತ್ರ ತೆಗೆದರು. "ಸ್ಥಳ ಪರಿಶೀಲನೆ ಮಾಡ್ತೀನಿ. ಗುರುವಾರ ಹನ್ನೊಂದಕ್ಕೆ. ಥರ್ಮಾಮೀಟರ್ ಹಿಡ್ಕೊಂಡು."

ಈ ಸುದ್ದಿ ಹೆಂಡತಿಯ ಬಾಯಿಂದ ಅಪ್ಪನ ಕಿವಿಗೆ ಹೋಯಿತು. ಗುರುವಾರ ಹತ್ತೂ ಮುಕ್ಕಾಲಿಗೆ ಸಂಸ್ಥೆಯ ಗೇಟಿನಲ್ಲಿ ಕೋಟು ಪ್ರತ್ಯಕ್ಷವಾಯಿತು, ಒಳಗೆ ಮಾವ, ಹಿಂದೆ ಮೂರು ಬೆಕ್ಕು. ಬೆಕ್ಕುಗಳನ್ನು ಗೇಟಿನವನು ತಡೆದ. ಮಾವನನ್ನು ತಡೆಯುವುದು ಯಾರಿಂದಲೂ ಆಗುವ ಕೆಲಸವಲ್ಲ.

"ಚಳಿ ಅಂದ್ರೇನು ಅಂತ ಆ ಅಧಿಕಾರಿಗೆ ಏನು ಗೊತ್ತು? ನಾನೇ ಸಾಕ್ಷಿ ನಿಂತು ನೋಡ್ತೀನಿ," ಎಂದರು ಅಳಿಯನಿಗೆ. "ಬೆವರ್ತಿದೀರಲ್ಲ ಯಾಕೆ?"

"ಬಿಸಿನೀರಿನ ಚೀಲ ಮಾವ."

ಮಾವನ ಕೋಟನ್ನು ಕಂಡ ಸ್ಟೋರ್ ಸಾಹೇಬರಿಗೂ ಸಂತೋಷವಾಯಿತು. ಅನುಭವಸ್ಥರೊಬ್ಬರು ಜೊತೆಗಿದ್ದು ಇದು ಚಳಿಯೇ ಅಲ್ಲ ಎಂದುಬಿಟ್ಟರೆ ಕಡತ ಅಲ್ಲಿಗೇ ಮುಚ್ಚುತ್ತದಲ್ಲ. ಇಬ್ಬರಿಗೂ ಕಣ್ಣಿಗೆ ದಪ್ಪ ಹಸಿರು ಕನ್ನಡಕ, ಕಾಲಿಗೆ ಬಟ್ಟೆಯ ಚೀಲ ತೊಡಿಸಿ ಒಳಗೆ ಬಿಟ್ಟರು. ಕೋಟು, ಕನ್ನಡಕ, ಕಾಲುಚೀಲಗಳಲ್ಲಿ ಮಾವ ಚಂದ್ರನಿಗೆ ಹೊರಟು ತಪ್ಪಿ ನೆಲಮಾಳಿಗೆಯಲ್ಲಿ ಇಳಿದವರಂತೆ ಕಾಣುತ್ತಿದ್ದರು.

ಸಾಹೇಬರು ಥರ್ಮಾಮೀಟರನ್ನು ಕೋಣೆಯ ನಾಲ್ಕು ಮೂಲೆಯಲ್ಲೂ ಹಿಡಿದರು. "ಮೂವತ್ತೊಂದು. ಮೂವತ್ತೊಂದು. ಮೂವತ್ತೊಂದೂವರೆ. ಮೂವತ್ತೆರಡು." ಗಂಟಲು ಸರಿಮಾಡಿಕೊಂಡು, "ಮೇಡಂ, ಈ ಕೋಣೆಯ ಚಳಿ ಎಲ್ಲಿ?"

"ಅಲ್ಲಿ," ಎಂದು ಮೇಡಂ ಗಾಜಿನ ಗೂಡಿನತ್ತ ಕೈ ತೋರಿಸಿದರು. "ಒಳಗೆ ಒಂದು ಲೋಹದ ಆವಿ ಇದೆ. ಅದರ ಪರಮಾಣುಗಳು ಹುಚ್ಚು ಹಿಡಿದ ಹಾಗೆ ಓಡಾಡ್ತಿರ್ತವೆ. ಬಿಸಿ ಅಂದ್ರೆ ಆ ಓಡಾಟವೇ. ಆರು ದಿಕ್ಕಿನಿಂದ ಲೇಸರ್ ಬಿಡ್ತೀವಿ. ಯಾವ ಕಡೆ ಓಡಿದ್ರೂ ಎದುರಿನ ಬೆಳಕು ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳುತ್ತೆ. ತಳ್ಳಿಸಿಕೊಂಡು ತಳ್ಳಿಸಿಕೊಂಡು ಸುಸ್ತಾಗಿ ನಿಂತ್ಬಿಡ್ತವೆ. ಓಟ ನಿಂತ್ರೆ ಚಳಿ."

"ಅಂದ್ರೆ ನಮ್ಮ ಕಚೇರಿ ಹಾಗೆ," ಎಂದರು ಸಾಹೇಬರು. ಅವರಿಗೆ ಮೊದಲ ಬಾರಿಗೆ ವಿಜ್ಞಾನ ಅರ್ಥವಾಗಿತ್ತು.

ಕಂಪ್ಯೂಟರಿನಲ್ಲಿ ಮಂಜುಮಂಜಾದ ಬೂದು ಬಣ್ಣ, ನಡುವೆ ಮೆಣಸಿನ ಕಾಳಿನಷ್ಟು ಬಿಳಿ ಕಲೆ.

"ಇದಾ?" ಮಾವ ಬಗ್ಗಿ ನೋಡಿದರು. "ಇಷ್ಟೇನಾ? ಇದರಲ್ಲಿ ಒಂದು ಮೀನಿನ ಕಣ್ಣೂ ಹಿಡಿಯಲ್ವಲ್ಲ ಅಳಿಯಂದಿರೇ!"

ಅಳಿಯ ಹೊಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಬಿಸಿನೀರಿನ ಚೀಲ ಗುಳುಗುಳು ಎಂದಿತು.

ಸಾಹೇಬರು ನಿಯಮ ಪುಸ್ತಕ ಬಿಡಿಸಿದರು. "ಸ್ಥಳದಲ್ಲಿ ಕರ್ತವ್ಯ ನಿರ್ವಹಿಸುವ ನೌಕರನಿಗೆ ಅಂತಿದೆ. ಈ ನೌಕರನ ದೇಹದ ಯಾವ ಭಾಗ ಆ ಸ್ಥಳದ ಒಳಗೆ ಕರ್ತವ್ಯ ನಿರ್ವಹಿಸುತ್ತೆ?"

"ಯಾವ ಭಾಗವೂ ಇಲ್ಲ. ಅದರೊಳಗೆ ಗಾಳಿಗೂ ಜಾಗ ಇಲ್ಲ," ಎಂದರು ಮೇಡಂ.

"ಹಾಗಾದ್ರೆ ಅಲ್ಲಿ ಕರ್ತವ್ಯದ ಮೇಲಿರೋದು ಯಾರು?"

"ಪರಮಾಣುಗಳು."

"ಎಷ್ಟು ಜನ?"

"ಸುಮಾರು ಹತ್ತು ಕೋಟಿ."

ಸಾಹೇಬರು ಹೌಹಾರಿದರು. ಅಷ್ಟೂ ಮಂದಿ ಅರ್ಜಿ ಹಾಕಿದರೆ ಎಂಬ ಯೋಚನೆಯೇ ಅವರನ್ನು ಗೋಡೆಗೆ ಒರಗಿಸಿತು. "ಅವ್ರು ಕಾಯಂ ನೌಕರರಲ್ಲ ತಾನೆ?"

"ಒಂದೆರಡು ಸೆಕೆಂಡ್ ಇರ್ತಾರೆ. ಆಮೇಲೆ ಬೇರೆಯವ್ರು."

"ಹಂಗಾಮಿ," ಎಂದು ಸಾಹೇಬರು ಉಸಿರುಬಿಟ್ಟರು. "ಹಂಗಾಮಿಗಳಿಗೆ ಕೋಟಿಲ್ಲ."

"ಸಾರ್," ಎಂದ ಅಳಿಯ, ಫ್ಯಾನು ಕೈತಪ್ಪುತ್ತಿರುವುದನ್ನು ಕಂಡು. "ದಿನಾ ಅದರಿಂದ ಒಂದು ಮೊಳ ದೂರದಲ್ಲಿ ಒರೆಸ್ತೀನಿ. ಅರ್ಧ ಕೋಟಾದ್ರೂ... ತೋಳಿಲ್ಲದ್ದಾದ್ರೂ ಪರವಾಗಿಲ್ಲ."

"ಒಂದು ಮೊಳ ದೂರದಲ್ಲಿ ಮೂವತ್ತೆರಡು ಡಿಗ್ರಿ ಕಣಯ್ಯಾ. ಅದಕ್ಕೆ ಕೊಡೋದಾದ್ರೆ ಬೀಸಣಿಗೆ ಕೊಡಬೇಕು. ಅದೂ ನಿಯಮದಲ್ಲಿಲ್ಲ."

ಅಷ್ಟರಲ್ಲಿ ಮಾವನ ಮುಖ ಕುಲುಮೆಯ ಕಬ್ಬಿಣದ ಬಣ್ಣಕ್ಕೆ ತಿರುಗಿತ್ತು. ಫ್ಯಾನಿಲ್ಲದ ಬಿಸಿ ಕೋಣೆಯಲ್ಲಿ ಕೋಟು ತೊಟ್ಟು ನಿಂತಿದ್ದು ಅವರ ಆಯುಸ್ಸಿನಲ್ಲೇ ಇದು ಮೊದಲು. ಹಸಿರು ಕನ್ನಡಕದೊಳಗೆ ಬೆವರು ತುಂಬಿ, ಕಣ್ಣು ತೊಟ್ಟಿಯಲ್ಲಿಟ್ಟ ಮೀನಿನ ಹಾಗೆ ಕಾಣುತ್ತಿತ್ತು. "ಅಯ್ಯೋ, ಇದೆಂಥ ಚಳಿ ಮಾರಾಯ್ರೇ, ಬೆಂದುಹೋದೆ," ಎಂದವರೇ ಎಂಟು ವರ್ಷದಲ್ಲಿ ಯಾರೂ ನೋಡದ ಕೆಲಸವೊಂದನ್ನು ಮಾಡಿದರು. ಕೋಟು ಬಿಚ್ಚಿದರು. ಒಳಗಿಂದ ಕಡ್ಡಿಯಂಥ ಪುಟ್ಟ ಮನುಷ್ಯರೊಬ್ಬರು ಹೊರಬಂದರು. ಕೈಗೆ ಸಿಕ್ಕ ಕಬ್ಬಿಣದ ಸರಳಿಗೆ ಕೋಟನ್ನು ತೂಗುಹಾಕಿದರು.

"ಯಾರದು? ಏನು ಮಾಡಿದ್ರಿ?" ಮೇಡಂ ಕಿರುಚಿದರು.

ಅಳಿಯ ಎರಡೂ ಕೈ ಮೇಲೆತ್ತಿದ. "ನನ್ನ ಮೊಣಕೈ ಇಲ್ಲೇ ಇದೆ ಮೇಡಂ! ನೋಡಿ, ಎರಡೂ ಇವೆ!"

"ಯಾರೂ ಅಲ್ಲಾಡಬೇಡಿ!"

ಯಾರೂ ಅಲ್ಲಾಡಲಿಲ್ಲ. ಕಂಪ್ಯೂಟರಿನ ಮಂಜು ಒರೆಸಿದಂತೆ ಹೋಗಿತ್ತು. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಕಾಳು ಮುತ್ತಿನಂತೆ ಹೊಳೆಯುತ್ತಿತ್ತು. ಮೇಡಂ ಉಸಿರು ಬಿಗಿಹಿಡಿದು ಒಂದು ತಿರುಪು ತಿರುಗಿಸಿದರು, ಇನ್ನೊಂದು ತಿರುಗಿಸಿದರು. ಹೊರಗಿನ ಬೆಳಕು ನಿಂತಿದ್ದರಿಂದ ಏಳು ತಿಂಗಳಲ್ಲಿ ಮೊದಲ ಸಲ ತಾನು ಏನು ತಿರುಗಿಸುತ್ತಿದ್ದೇನೆಂದು ಅವರಿಗೆ ಕಾಣುತ್ತಿತ್ತು. ಮೂಲೆಯ ಅಂಕಿ ಇಳಿಯತೊಡಗಿತು. ತೊಂಬತ್ತು, ಅರವತ್ತು, ಮೂವತ್ತೆರಡು, ಇಪ್ಪತ್ತು. ನಿಂತಿತು.

"ಹದಿನೆಂಟು," ಎಂದರು ಮೇಡಂ, ಅಳುದನಿಯಲ್ಲಿ. "ಒಂದು ಡಿಗ್ರಿನ ಹತ್ತು ಲಕ್ಷ ಚೂರು ಮಾಡಿದ್ರೆ, ಅಂಥ ಹದಿನೆಂಟು ಚೂರು. ಅಷ್ಟೇ ಉಳಿದಿರೋ ಬಿಸಿ. ಇಷ್ಟು ಕೆಳಗೆ ನಾವು ಯಾವತ್ತೂ ಬಂದಿಲ್ಲ!"

ಮಾವನಿಗೆ ಚೂರುಗಳ ವಿಷಯ ತಲೆಗೆ ಹತ್ತಲಿಲ್ಲ. ಹತ್ತಿದ್ದು ಒಂದೇ. ಅವರು ಎದೆ ಸೆಟೆಸಿ ಕೋಣೆಯನ್ನೆಲ್ಲ ಒಮ್ಮೆ ನೋಡಿದರು. "ಹದಿನೆಂಟು! ಮೂವತ್ತನಾಲ್ಕು ವರ್ಷದಿಂದ ನಾನು ಬಾಯಿ ಬಡ್ಕೊಳ್ತಿರೋದೂ ಅದನ್ನೇ ಅಲ್ವೇನ್ರಯ್ಯಾ!"

ಅವರು ಕೋಟಿಗೆ ಕೈ ಹಾಕುವಷ್ಟರಲ್ಲಿ ಮೇಡಂ ಅಡ್ಡ ಬಂದರು. "ದಯವಿಟ್ಟು ಅದನ್ನ ಮುಟ್ಟಬೇಡಿ ಯಜಮಾನ್ರೇ. ಅದು ಕೆಲಸ ಮಾಡ್ತಿದೆ."

"ನನ್ನ ಕೋಟು?"

"ನಿಮ್ಮ ಕೋಟೇ."

ಮಾವ ಕೋಟನ್ನೂ ಕಂಪ್ಯೂಟರನ್ನೂ ಬದಲಿಸಿ ಬದಲಿಸಿ ನೋಡಿದರು. ನಿವೃತ್ತಿಯ ನಂತರ ಮರಳಿ ಕೆಲಸ ಸಿಗುವುದು ಮನುಷ್ಯರಿಗೇ ಅಪರೂಪ. "ಇಟ್ಕೊಳ್ಳಿ," ಎಂದರು. "ಅದಕ್ಕೂ ಮನೇಲಿ ಕೂತು ಬೇಜಾರಾಗಿತ್ತು."

ಸ್ಟೋರ್ ಸಾಹೇಬರು ಅಲ್ಲೇ ಗೋಡೆಗೆ ಕಾಗದ ಒತ್ತಿ ಆದೇಶ ಬರೆದರು. ಇಪ್ಪತ್ತು ವರ್ಷದ ಸೇವೆಯಲ್ಲಿ ಅವರು ಇಷ್ಟು ಸುಖವಾಗಿ ಏನನ್ನೂ ಬರೆದಿರಲಿಲ್ಲ. ಏನನ್ನೂ ಕೊಡದೆ ಒಂದೇ ಏಟಿಗೆ ಎರಡು ಕಡತ ಮುಚ್ಚುತ್ತಿದ್ದವು. "ಶೀತ ಸ್ಥಳಕ್ಕೆ ಕೋಟು ಈಗಾಗಲೇ ಒದಗಿರುವುದರಿಂದ ಎರಡನೆಯ ಕೋಟಿನ ಅಗತ್ಯ ಕಂಡುಬರುವುದಿಲ್ಲ. ಸದರಿ ಕೋಟೇ ಪರದೆಯಾಗಿರುವುದರಿಂದ ಪರದೆಯ ಅಗತ್ಯವೂ ಇಲ್ಲ. ಅಟೆಂಡರನು ಸದರಿ ಕೋಟನ್ನು ವಾರಕ್ಕೊಮ್ಮೆ ಒರೆಸತಕ್ಕದ್ದು."

ಶುಕ್ರವಾರ ಬೆಳಗ್ಗೆ ಅಳಿಯ ಲ್ಯಾಬಿಗೆ ಬಂದಾಗ ಬಾಗಿಲ ಮುಂದೆ ಮೂರು ಬೆಕ್ಕುಗಳು ಸಾಲಾಗಿ ಕೂತಿದ್ದವು. ಶನಿವಾರ ಐದಾದವು. ಒಂದು ಕೂದಲು ಒಳಗೆ ಹೋದರೂ ಕನ್ನಡಿ ಹಾಳು ಎಂದು ಮೇಡಂ ಎಚ್ಚರಿಸಿದರು. ಒರೆಸುವವನ ಕೆಲಸಕ್ಕೆ ಬೆಕ್ಕು ಓಡಿಸುವುದೂ ಸೇರಿತು.

ಭಾನುವಾರ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಹೆಂಡತಿ ತೆರೆದು ನೋಡಿ, "ಯಾರು ಬೇಕಿತ್ತು?" ಎಂದಳು.

"ನಾನು ಕಣೇ, ನಿನ್ನಪ್ಪ!"

ಕೋಟಿಲ್ಲದ ಮಾವ ಬಂದು ಅಭ್ಯಾಸಬಲದಿಂದ ತಮ್ಮ ಕುರ್ಚಿಯಲ್ಲಿ ಕೂತರು. ಅಳಿಯ ತನ್ನ ತಟ್ಟೆಯೆತ್ತಿಕೊಂಡು ಮೂಲೆಗೆ ನಡೆದ. ಕೋಟು ತೋರಿಸಲಾಗಲಿಲ್ಲ, ಪಂತ ಸೋತಾಗಿತ್ತು.

"ಅಳಿಯಂದಿರೇ, ನನ್ನ ಕೋಟು ಹೇಗಿದೆ?"

"ಚೆನ್ನಾಗಿದೆ ಮಾವ."

"ಎಷ್ಟರಲ್ಲಿದೆ?"

"ಮೈನಸ್ ಇನ್ನೂರ ಎಪ್ಪತ್ಮೂರರ ಪಕ್ಕದಲ್ಲೇ."

ಮಾವ ಮಗಳಿಗೆ ಹೇಳಿದರು, "ಕೇಳಿದ್ಯಾ? ನನ್ನ ಕೋಟು." ಎರಡು ತುತ್ತು ಉಂಡರು. ಮೂರನೆಯ ತುತ್ತಿಗೆ ಹಲ್ಲು ಕಟಕಟ ಎಂದಿತು. "ಏನಮ್ಮ, ಫ್ಯಾನ್ ಎಷ್ಟರಲ್ಲಿಟ್ಟಿದ್ದೀಯ?"

"ಒಂದರಲ್ಲಿ ಅಪ್ಪ. ಅದಕ್ಕಿಂತ ಕಡಿಮೆ ಇಲ್ಲ."

"ಆರಿಸು. ಚಳಿ ತಡೆಯೋಕಾಗ್ತಿಲ್ಲ."

ಮೈನಸ್ ಹದಿನೆಂಟರಲ್ಲಿ ಇಪ್ಪತ್ತಾರು ವರ್ಷ ಮೀನು ಹೊತ್ತ ಮನುಷ್ಯ ಒಂದನೇ ನಂಬರಿನ ಫ್ಯಾನಿಗೆ ನಡುಗುತ್ತಿದ್ದರು. ಅಳಿಯ ಮೆಲ್ಲಗೆ ಎದ್ದ. "ಮಾವ, ಇಲ್ಲಿ ಒಲೆ ಪಕ್ಕ ಬೆಚ್ಚಗಿದೆ. ಬರ್ತೀರಾ?"

ಮಾವ ತಟ್ಟೆ ಹಿಡಿದು ಬಂದು ಮೂಲೆಯಲ್ಲಿ ಕೂತು, ಒಲೆಗೆ ಬೆನ್ನು ಕೊಟ್ಟು, "ಹಾ," ಎಂದರು. ಅಳಿಯ ಅವರಿಗೆ ಬೆನ್ನು ತಿರುಗಿಸಿ ಫ್ಯಾನನ್ನು ಐದಕ್ಕೆ ಏರಿಸಿದ. ಹನ್ನೊಂದು ವರ್ಷದ ನಂತರ ಆ ಕುರ್ಚಿಯಲ್ಲಿ ಕೂತ. ಗಾಳಿ ನೆತ್ತಿಯಿಂದ ಇಳಿದು ಬೆನ್ನುಮೂಳೆಯಗುಂಟ ಹರಿಯಿತು. ಕಣ್ಣು ಮುಚ್ಚಿದ. ಜಗತ್ತಿನಲ್ಲಿ ಇದಕ್ಕಿಂತ ತಣ್ಣನೆಯ ಜಾಗ ಯಾವುದಿದ್ದೀತು?

ನಾಲ್ಕನೆಯ ತುತ್ತಿಗೆ ಒಂದು ಸೀನು ಬಂತು. ಐದನೆಯದಕ್ಕೆ ಮೂರು. ತೆಳು ಗೋಡೆಯಾಚೆ ಕುರ್ಚಿ ಸರಿದ ಸದ್ದು ಕೇಳಿಸಿತು, ಹಿಂದೆಯೇ ನರ್ಸಮ್ಮ ಥರ್ಮಾಮೀಟರಿನೊಂದಿಗೆ ಒಳಗಿದ್ದರು. ಬಾಯಿಗಿಟ್ಟು ನೋಡಿದರು.

"ನೂರೊಂದು! ಮೈನಸ್ ಇನ್ನೂರ ಎಪ್ಪತ್ಮೂರರಲ್ಲಿ ಹತ್ತೂ ಬೆರಳು ಉಳಿಸ್ಕೊಂಡು ಬಂದ ಮನುಷ್ಯ, ಮನೆ ಫ್ಯಾನಿಗೆ ಬಿದ್ದುಬಿಟ್ರಲ್ರೀ!"

ಅಳಿಯ ಉತ್ತರ ಕೊಡಲು ಬಾಯಿ ತೆರೆದ, ಸೀನಿದ. ಒಲೆಯ ಪಕ್ಕದಿಂದ ಮಾವ ತುತ್ತು ಕಲಸುತ್ತ, ತಲೆಯೆತ್ತದೆ ಹೇಳಿದರು:

"ಅದಕ್ಕೇ ಕಣಮ್ಮ ನಾನು ಹನ್ನೊಂದು ವರ್ಷ ಆ ಕುರ್ಚಿ ಬಿಟ್ಟುಕೊಡದೆ ಇದ್ದದ್ದು. ಕೋಟಿಲ್ಲದವ್ರು ಕೂರೋ ಜಾಗ ಅಲ್ಲ ಅದು."